ನಿಗಮದವರೇ ಕೊಟ್ಟ ಮೂರು ಹೆಸರಲ್ಲಿ ಒಬ್ಬರನ್ನು ಆರಿಸಬೇಕಂತೆ, ಏನು ಮಾಡಲಿ?

ದಾವಣಗೆರೆ_ಗುತ್ತಿಗೆ
ನಮಸ್ಕಾರ ಎಲ್ಲರಿಗೂ. ಒಂದು ಸರ್ಕಾರಿ ನಿಗಮಕ್ಕೆ ಗೋಡೌನ್ ಕಟ್ಟಿಕೊಟ್ಟಿದ್ದೇನೆ. ಪಾಯ ತೆಗೆಯುವಾಗ ಗಟ್ಟಿ ಬಂಡೆ ಸಿಕ್ಕಿತು. ಪಕ್ಕದಲ್ಲೇ ಮನೆಗಳಿದ್ದವು, ಸಿಡಿಸುವ ಹಾಗಿರಲಿಲ್ಲ, ಬ್ರೇಕರ್ ಇಟ್ಟು ಒಡೆಸಿದೆ. ಎಂಬಿಯಲ್ಲಿ (ಕೆಲಸದ ಅಳತೆ ಬರೆಯುವ ಪುಸ್ತಕ) ನೋಡಿದರೆ ಅದನ್ನೇ ಮೆದು ಬಂಡೆ ಅಂತ ಬರೆದು ರೇಟು ಇಳಿಸಿದ್ದಾರೆ. ಸಾಲದು ಅಂತ ಕೆಲಸ ತಡವಾಯಿತೆಂದು ಫೈನಲ್ ಬಿಲ್ಲಿನಲ್ಲಿ ದಂಡ ಬೇರೆ ಹಿಡಿದಿದ್ದಾರೆ. ಎಲ್ಲ ಸೇರಿ 80 ಲಕ್ಷ ಬರಬೇಕು.

ಅಗ್ರಿಮೆಂಟಿನಲ್ಲಿ "ನಿಗಮದ ಎಂಡಿ ನೇಮಿಸುವ ಒಬ್ಬ ಆರ್ಬಿಟ್ರೇಟರ್" ಅಂತ ಇದೆ, ಅಂದರೆ ಕೋರ್ಟಿನ ಬದಲು ಜಗಳ ತೀರ್ಮಾನಿಸುವ ಮಧ್ಯಸ್ಥ. ನೋಟಿಸ್ ಕೊಟ್ಟೆ. ಮೂರು ಹೆಸರು ಕಳಿಸಿದ್ದಾರೆ, ಮೂವರೂ ಅದೇ ನಿಗಮದಲ್ಲಿ ರಿಟೈರ್ ಆದ ಇಂಜಿನಿಯರುಗಳು. 15 ದಿನದಲ್ಲಿ ಒಬ್ಬರನ್ನು ಒಪ್ಪದಿದ್ದರೆ ತಾವೇ ನೇಮಿಸುತ್ತಾರಂತೆ. ಸುಮ್ನೆ ಒಪ್ಪಿಬಿಡು, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಂತ ಒಬ್ಬರು ಹೇಳುತ್ತಾರೆ. ರಿಟೈರ್ಡ್ ಜಡ್ಜೇ ಬೇಕು ಅಂತ ಪಟ್ಟು ಹಿಡಿ ಅಂತ ಇನ್ನೊಬ್ಬರು. ಅಸಲಿಗೆ ಈ ಕೆಲಸಕ್ಕೆ ಯಾರಿಗೆ ಅರ್ಹತೆ ಇರುತ್ತದೆ?

ಕರಿಕೋಟು_ಬೆಂಗಳೂರು
ಅರ್ಹತೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಕೇಳಿದರೆ ಆಶ್ಚರ್ಯ ಆಗಬಹುದು. ಆರ್ಬಿಟ್ರೇಷನ್ ಕಾಯ್ದೆಯಲ್ಲಿ ಇಂಥ ಡಿಗ್ರಿ, ಇಷ್ಟು ವರ್ಷದ ಅನುಭವ ಅಂತ ಈಗ ಏನೂ ಇಲ್ಲ. 2019ರ ತಿದ್ದುಪಡಿಯಲ್ಲಿ ಎಂಟನೇ ಶೆಡ್ಯೂಲ್ ಅಂತ ಒಂದು ಪಟ್ಟಿ ತಂದಿದ್ದರು, ಹತ್ತು ವರ್ಷದ ಅನುಭವ ಇತ್ಯಾದಿ. 2021ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಹಾಗಾಗಿ ಅರ್ಹತೆ ಅಂದರೆ ನಿಮ್ಮ ಅಗ್ರಿಮೆಂಟಿನಲ್ಲಿ ಏನು ಬರೆದಿದೆಯೋ ಅದು. "15 ವರ್ಷ ಅನುಭವದ ಸಿವಿಲ್ ಇಂಜಿನಿಯರ್" ಅಂತ ಬರೆದಿದ್ದು ಬೇರೆ ಯಾರನ್ನೋ ಕೂರಿಸಿದರೆ, ಸೆಕ್ಷನ್ 12(3) ಪ್ರಕಾರ ಆಕ್ಷೇಪ ಎತ್ತಬಹುದು.

ನಿಮ್ಮ ಕೇಸಿನಲ್ಲಿ ತೊಂದರೆ ಇರುವುದು ಅರ್ಹತೆಯಲ್ಲಿ ಅಲ್ಲ, ಯಾರು ಆರಿಸುತ್ತಾರೆ ಅನ್ನುವುದರಲ್ಲಿ. ಎದುರು ಟೀಮೇ ಅಂಪೈರನ್ನು ಕರೆತಂದ ಹಾಗೆ ಇದು. ವಿವಾದದಲ್ಲಿ ತನ್ನದೇ ಹಿತ ಇರುವ ಎಂಡಿ, ಏಕೈಕ ಆರ್ಬಿಟ್ರೇಟರನ್ನು ತಾನೇ ನೇಮಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸಿನಲ್ಲಿ ಹೇಳಿದೆ. 2024ರ ನವೆಂಬರಿನಲ್ಲಿ ಐದು ಜಡ್ಜುಗಳ ಸಂವಿಧಾನ ಪೀಠ ಇನ್ನೂ ಬಿಡಿಸಿ ಹೇಳಿತು: ಸರ್ಕಾರಿ ಸಂಸ್ಥೆ ತನ್ನದೊಂದು ಪ್ಯಾನೆಲ್ ಇಟ್ಟುಕೊಳ್ಳಲಿ, ಆದರೆ ಅದರಲ್ಲೇ ಆರಿಸು ಅಂತ ಎದುರಿನವರನ್ನು ಬಲವಂತ ಮಾಡುವ ಹಾಗಿಲ್ಲ. ನಿಮಗೆ ಬಂದಿರುವ ಪತ್ರ ಅದನ್ನೇ ಮಾಡುತ್ತಿದೆ.

ಒಂದು ಎಚ್ಚರಿಕೆ. ಫೋನಿನಲ್ಲಾಗಲಿ ಇಮೇಲಿನಲ್ಲಾಗಲಿ "ಸರಿ, ಇವರು ಆಗಬಹುದು" ಅನ್ನಬೇಡಿ. ಬರೆದು ಒಪ್ಪಿದ ಮೇಲೆ ಹಿಂದೆ ಸರಿಯುವುದು ಕಷ್ಟ.

ನಿವೃತ್ತ_ಇಇ
ನಾನು ಇಲಾಖೆಯಲ್ಲಿದ್ದವನು, ಈಗ ಒಂದೆರಡು ಕೇಸಿನಲ್ಲಿ ಆರ್ಬಿಟ್ರೇಟರ್ ಆಗಿಯೂ ಕೂತಿದ್ದೇನೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ತೂಗಿ ತೆಗೆದುಕೊಳ್ಳಿ. ರಿಟೈರ್ ಆದ ನೌಕರ ಅನ್ನುವ ಒಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಹರಿಯಾಣ ಪಿಡಬ್ಲ್ಯೂಡಿ ಕೇಸೊಂದರಲ್ಲಿ 2019ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ, ಅಲ್ಲಿ ಆ ಮನುಷ್ಯ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಈಗಲೂ ಕನ್ಸಲ್ಟೆಂಟ್ ಆಗಿ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಮಾತ್ರ ಕತೆ ಬೇರೆ, ಯಾರು ಆರ್ಬಿಟ್ರೇಟರ್ ಆಗಬಾರದು ಅನ್ನುವ ಏಳನೇ ಶೆಡ್ಯೂಲಿಗೆ ಸಿಕ್ಕಿಬೀಳುತ್ತಾರೆ.

ಜಡ್ಜೋ ಇಂಜಿನಿಯರೋ ಅನ್ನುವುದಕ್ಕೆ ನಿಮ್ಮ ಕ್ಲೇಮುಗಳನ್ನೇ ನೋಡಿ. ಬಂಡೆ ಗಟ್ಟಿಯೋ ಮೆದುವೋ ಅನ್ನುವುದನ್ನು ಬ್ರೇಕರ್ ಲಾಗ್, ಡೀಸೆಲ್ ಬಿಲ್ಲು, ಲೆವೆಲ್ ಬುಕ್ ನೋಡಿ ಹೇಳುವವರು ಇಂಜಿನಿಯರುಗಳು. ಜಡ್ಜ್ ಮುಂದೆ ಅದನ್ನು ಮೊದಲಿಂದ ಕಲಿಸಬೇಕಾಗುತ್ತದೆ, ಇಲ್ಲ ಅವರು ಸೆಕ್ಷನ್ 26ರಲ್ಲಿ ಒಬ್ಬ ತಜ್ಞನನ್ನು ನೇಮಿಸಬೇಕು, ಅದಕ್ಕೆ ಮತ್ತೆ ಖರ್ಚು. ಆದರೆ ದಂಡದ ವಿಷಯ ಹಾಗಲ್ಲ. ತಡ ಯಾರಿಂದ ಆಯಿತು, ಕರಾರು ಕಾಯ್ದೆಯ ಸೆಕ್ಷನ್ 74 ಪ್ರಕಾರ ಎಷ್ಟು ಹಿಡಿಯಬಹುದು ಇದೆಲ್ಲ ಕಾನೂನಿನ ಮಾತು. ಇನ್ನು ನಮ್ಮವರದೇ ದೌರ್ಬಲ್ಯ ಹೇಳಿಬಿಡುತ್ತೇನೆ: ಎಷ್ಟೋ ಇಂಜಿನಿಯರುಗಳು ಲೆಕ್ಕ ಸರಿಯಾಗಿಯೇ ಮಾಡುತ್ತಾರೆ, ಕಾರಣ ಮಾತ್ರ ಬರೆಯುವುದಿಲ್ಲ. ಕೊನೆಗೆ "ಇಷ್ಟು ಕೊಡತಕ್ಕದ್ದು" ಅಂತ ಒಂದು ಟೇಬಲ್ ಹಾಕಿ ಸಹಿ. ಅಂಥ ಅವಾರ್ಡಿನಲ್ಲಿ (ಆರ್ಬಿಟ್ರೇಟರ್ ಕೊಡುವ ತೀರ್ಪು) ಗೆದ್ದರೂ, ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹಾಕುವ ಸೆಕ್ಷನ್ 34ರ ಅರ್ಜಿಯಲ್ಲಿ ಬಿದ್ದುಹೋಗುವ ಭಯ ಇದ್ದೇ ಇರುತ್ತದೆ.

ನನ್ನನ್ನು ಕೇಳಿದರೆ ಕಾರಣ ಬರೆಯಲು ಬರುವ ಇಂಜಿನಿಯರ್. ಅವರು ಹಿಂದೆ ಕೊಟ್ಟ ಅವಾರ್ಡುಗಳು ಸೆಕ್ಷನ್ 34ರ ಕೇಸುಗಳಲ್ಲಿ ನಿಂತಿವೆಯೋ ಇಲ್ಲವೋ ಅಂತ ನಿಮ್ಮ ವಕೀಲರಿಂದ ಹುಡುಕಿಸಿ.

ಮಣ್ಣು_ಕಲ್ಲು
ಫೀಸ್ ಬಗ್ಗೆ ಯಾರೂ ಹೇಳಲಿಲ್ಲ! ಅಣ್ಣ, ನಾಲ್ಕನೇ ಶೆಡ್ಯೂಲ್ ಮಾದರಿಯಲ್ಲಿ ಲೆಕ್ಕ ಹಾಕಿದರೆ 80 ಲಕ್ಷಕ್ಕೆ 2,77,500 ರೂಪಾಯಿ. ಒಬ್ಬರೇ ಆರ್ಬಿಟ್ರೇಟರ್ ಆದರೆ ಅದರ ಮೇಲೆ 25% ಜಾಸ್ತಿ, ಅಂದರೆ 3,46,875. ಸಾಮಾನ್ಯವಾಗಿ ಇಬ್ಬರೂ ಅರ್ಧ ಅರ್ಧ. ನಿಗಮದವರು ನಿಮ್ಮ ಮೇಲೆ ತಿರುಗಿ ಕೌಂಟರ್ ಕ್ಲೇಮ್ ಹಾಕಿದರೆ ಅದಕ್ಕೆ ಬೇರೆ ಲೆಕ್ಕ. ಆರ್ಬಿಟ್ರೇಟರ್ ತಾವೇ ಮನಸ್ಸಿಗೆ ಬಂದಷ್ಟು ಹಾಕುವ ಹಾಗಿಲ್ಲ ಅಂತ 2022ರಲ್ಲಿ ಓಎನ್‌ಜಿಸಿ ಕೇಸಿನಲ್ಲಿ ತೀರ್ಪು ಬಂದಿದೆ. ಮೊದಲ ಸಿಟ್ಟಿಂಗಿನಲ್ಲೇ ಫೀಸ್ ಬರೆಸಿಕೊಳ್ಳಿ.

ಸ್ಲಫ್_ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿ ಕ್ವಾಂಟಿಟಿ ಸರ್ವೇಯರ್, ಕಟ್ಟಡ ಕೆಲಸದ ಅಳತೆ-ಖರ್ಚಿನ ಲೆಕ್ಕ ನೋಡುವವನು. ಇಲ್ಲಿ 1996ರ ಕಾಯ್ದೆ ಪ್ರಕಾರ ಕಟ್ಟಡ ಕರಾರಿನ ಜಗಳವನ್ನು ಯಾವಾಗ ಬೇಕಾದರೂ ಅಡ್ಜುಡಿಕೇಟರ್ (ಬೇಗ ತೀರ್ಮಾನ ಕೊಡುವ ಹೊರಗಿನ ವ್ಯಕ್ತಿ) ಹತ್ತಿರ ಒಯ್ಯಬಹುದು, ಅವರು 28 ದಿನದಲ್ಲಿ ತೀರ್ಮಾನ ಕೊಡಬೇಕು. ಹೆಸರಿನ ಬಗ್ಗೆ ಎರಡೂ ಕಡೆ ಒಪ್ಪದಿದ್ದರೆ ಸರ್ವೇಯರುಗಳ ಸಂಸ್ಥೆ ಆರ್‌ಐಸಿಎಸ್ ಥರದ್ದಕ್ಕೆ ಅರ್ಜಿ ಹಾಕುತ್ತೇವೆ, ಅವರು ತಮ್ಮ ಪ್ಯಾನೆಲ್‌ನಿಂದ ಒಬ್ಬರನ್ನು ಕಳಿಸುತ್ತಾರೆ. ಪ್ಯಾನೆಲ್ ಇಟ್ಟುಕೊಂಡವರು ಜಗಳದಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಇಂಡಿಯಾದಲ್ಲೂ ವಿಶ್ವಬ್ಯಾಂಕ್ ಸಾಲದ ಸಣ್ಣ ಕೆಲಸಗಳ ಕರಾರಿನಲ್ಲಿ ಅಡ್ಜುಡಿಕೇಟರ್ ಹೆಸರು ಶುರುವಿನಲ್ಲೇ ಬರೆದಿರುತ್ತಾರೆ. ಜಗಳ ಆಗುವ ಮುಂಚೆ ಒಪ್ಪಿದ ಹೆಸರು ಅದು, ಎಷ್ಟೋ ವಾಸಿ ಅಲ್ವಾ?

ದಾವಣಗೆರೆ_ಗುತ್ತಿಗೆ
ತುಂಬಾ ಥ್ಯಾಂಕ್ಸ್. ಈಗ ನಾನು ಅವರಿಗೆ ಏನಂತ ಬರೆಯಲಿ? ಕೋರ್ಟಿಗೆ ಯಾವಾಗ ಹೋಗಬಹುದು?

ಕರಿಕೋಟು_ಬೆಂಗಳೂರು
ಆಕ್ಷೇಪ ಬರೆದು, ಅದೇ ಪತ್ರದಲ್ಲಿ ನಿಮ್ಮ ಕಡೆಯಿಂದ ಎರಡು ಮೂರು ಹೆಸರು ಕೊಡಿ. ನಿಮ್ಮ ಹತ್ತಿರ ಮೊದಲು ಕೆಲಸ ಮಾಡಿದವರ ಹೆಸರು ಬೇಡ, ನಾಳೆ ಅದೇ ಬಾಣ ನಿಮಗೆ ತಿರುಗುತ್ತದೆ. ಹಿಂದಿನ ಮೂರು ವರ್ಷದಲ್ಲಿ ಆ ವ್ಯಕ್ತಿಯನ್ನು ಅದೇ ಪಾರ್ಟಿ ಎರಡು ಅಥವಾ ಹೆಚ್ಚು ಸಲ ನೇಮಿಸಿದ್ದರೆ ಐದನೇ ಶೆಡ್ಯೂಲಿನಲ್ಲಿ ಅನುಮಾನಕ್ಕೆ ಜಾಗ ಇದೆ, ಅದನ್ನೂ ಕೇಳಿ. ಇಲ್ಲದಿದ್ದರೆ ಬೆಂಗಳೂರಿನ ಖನಿಜ ಭವನದಲ್ಲಿ ಹೈಕೋರ್ಟಿನ ಆರ್ಬಿಟ್ರೇಷನ್ ಸೆಂಟರ್ ಇದೆ, ಅಲ್ಲಿನ ಪ್ಯಾನೆಲ್‌ನಿಂದ ಒಬ್ಬರಾಗಲಿ ಅಂತ ಸೂಚಿಸಬಹುದು. ನಿಗಮಗಳು ಕೆಲವೊಮ್ಮೆ ಅದಕ್ಕೆ ಒಪ್ಪುತ್ತವೆ.

ನಿಮ್ಮ ನೋಟಿಸ್ ಅವರಿಗೆ ತಲುಪಿ 30 ದಿನದಲ್ಲಿ ಒಪ್ಪಂದ ಆಗದಿದ್ದರೆ ಹೈಕೋರ್ಟಿನಲ್ಲಿ, ಆರ್ಬಿಟ್ರೇಟರನ್ನು ನೀವೇ ನೇಮಿಸಿ ಅಂತ ಸೆಕ್ಷನ್ 11ರ ಅರ್ಜಿ, ಇಲ್ಲಿ ಅದನ್ನು ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಷನ್) ಅನ್ನುತ್ತಾರೆ. ಅಗ್ರಿಮೆಂಟಿನಲ್ಲಿ ಬೇರೆ ಊರು ಬರೆದಿಲ್ಲದಿದ್ದರೆ ನಿಮಗೆ ಬೆಂಗಳೂರು ಪೀಠ (ಪಕ್ಕದ ಹಾವೇರಿಯವರಾಗಿದ್ದರೆ ಧಾರವಾಡ). ಎದುರಿನವರಿಗೆ ನೋಟಿಸ್ ತಲುಪಿದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ, ನಿಜಕ್ಕೆ ಜಾಸ್ತಿ ಹಿಡಿಯುತ್ತದೆ. ಆ ಅರ್ಜಿಯಲ್ಲೇ "ಸಿವಿಲ್ ಇಂಜಿನಿಯರ್ ಆಗಬೇಕು, ಬಂಡೆ ವರ್ಗೀಕರಣದ ವಿವಾದ ಇದೆ" ಅಂತ ಬರೆಸಿ, ಇಲ್ಲದಿದ್ದರೆ ಸಾಮಾನ್ಯವಾಗಿ ರಿಟೈರ್ಡ್ ಜಡ್ಜ್ ಹೆಸರೇ ಬರುತ್ತದೆ. ನೋಟಿಸ್ ತಲುಪಿದ ಅಂಚೆ ಚೀಟಿ ಇಟ್ಟುಕೊಂಡಿದ್ದೀರಾ? ದಿನ ಎಣಿಸುವುದು ಅದರ ತಾರೀಖಿನಿಂದ.