ಹೈಸ್ಕೂಲಿಗೆ ಫಿಸಿಕಲ್ ಸೈನ್ಸ್ ಒಂದೇ ಕೋರ್ಸ್ ಸಾಕಾ, ಫಿಸಿಕ್ಸ್ ಕೆಮಿಸ್ಟ್ರಿ ಬೇರೆ ಬೇರೆ ಬೇಕಾ? ನಿಮ್ಮ ಅನುಭವ ಹೇಳಿ

ಕೇಳಿದವರು: ಹದಿನಾಲ್ಕು ವರ್ಷದ ಮಗಳ ತಾಯಿ

ಮಗಳು ಬರುವ ವರ್ಷಕ್ಕೆ ವಿಜ್ಞಾನದ ಕೋರ್ಸ್ ಆರಿಸಬೇಕು. ಮೂರು ದಾರಿ ಇವೆ. ಫಿಸಿಕ್ಸ್, ಕೆಮಿಸ್ಟ್ರಿ ಎರಡನ್ನೂ ಸೇರಿಸಿದ ಒಂದು ವರ್ಷದ ಫಿಸಿಕಲ್ ಸೈನ್ಸ್, ಇಲ್ಲವೇ ನೇರವಾಗಿ ಕೆಮಿಸ್ಟ್ರಿ, ಇಲ್ಲವೇ ನೇರವಾಗಿ ಫಿಸಿಕ್ಸ್. ಓದೋದು ಅವಳಿಗೆ ಇಷ್ಟ. ಗಣಿತ ಅಂದ್ರೆ ಮಾತ್ರ ಹಿಂಜರಿಯುತ್ತಾಳೆ. ಮುಂದೆ ಏನು ಓದಬೇಕು ಅಂತ ಇನ್ನೂ ಗೊತ್ತಿಲ್ಲ, ಹಾಗಾಗಿ ಯಾವ ಬಾಗಿಲೂ ಈಗಲೇ ಮುಚ್ಚಬಾರದು ಅನ್ನೋದು ನನ್ನ ಆಸೆ. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳನ್ನು ಓದಿಸಿದ ತಾಯಿ

ನಮ್ಮ ಮನೆಯಲ್ಲಿ ಎರಡೂ ಆಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ದೊಡ್ಡವನನ್ನು ನೇರ ಕೆಮಿಸ್ಟ್ರಿಗೆ ಹಾಕಿದೆವು. ಸ್ನೇಹಿತರೆಲ್ಲ ಅದನ್ನೇ ತಗೊಂಡಿದ್ದರು, ಕಾರಣ ಅಷ್ಟೇ. ಮೊದಲ ಎರಡು ತಿಂಗಳು ಚೆನ್ನಾಗಿಯೇ ಹೋಯಿತು. ಪರಮಾಣು, ಆವರ್ತ ಕೋಷ್ಟಕ ಎಲ್ಲ ಅವನಿಗೆ ಇಷ್ಟವಾಗಿತ್ತು. ಮೋಲ್ (ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಅಳತೆ) ಬಂದ ದಿನ ನಿಂತುಬಿಟ್ಟ. ಒಂದು ಮೋಲ್ ಅಂದರೆ 6.022 × 10²³ ಅನ್ನೋದು ಬಾಯಿಪಾಠ. ಆದರೆ 36 ಗ್ರಾಂ ನೀರಿನಲ್ಲಿ ಎಷ್ಟು ಮೋಲ್ ಅಂತ ಕೇಳಿದರೆ ಸುಮ್ಮನೆ ಕೂರುತ್ತಿದ್ದ. ಒಂದು ಮೋಲ್ ನೀರು 18 ಗ್ರಾಂ, ಹಾಗಾದರೆ 36 ಗ್ರಾಂಗೆ ಎರಡು. ಇಷ್ಟೇ ಲೆಕ್ಕ. ಅವನಿಗೆ ಬರದಿದ್ದದ್ದು ಕೆಮಿಸ್ಟ್ರಿ ಅಲ್ಲ, ಅನುಪಾತ. ಅದು ನಮಗೆ ಅರ್ಥವಾಗುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು, ಮಗು ತನಗೆ ವಿಜ್ಞಾನವೇ ಬರಲ್ಲ ಅಂತ ನಂಬಿಬಿಟ್ಟಿತ್ತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಚಿಕ್ಕವಳಿಗೆ ಮೊದಲು ಫಿಸಿಕಲ್ ಸೈನ್ಸ್. ಸಾಂದ್ರತೆ, ವೇಗ, ಬಲ, ಶಾಖ, ಸರ್ಕ್ಯೂಟ್, ಅಲೆ, ಆಮೇಲೆ ಪರಮಾಣು ಮತ್ತು ಸರಳ ರಾಸಾಯನಿಕ ಸಮೀಕರಣ. ಎಲ್ಲದರಲ್ಲೂ ಚಿಕ್ಕ ಚಿಕ್ಕ ಲೆಕ್ಕ ಇತ್ತು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸು, ದೂರವನ್ನು ಕಾಲದಿಂದ ಭಾಗಿಸು, ಹೀಗೆ. ಮುಂದಿನ ವರ್ಷ ಮೋಲ್ ಬಂದಾಗ ಅವಳಿಗೆ ಅದು ಇನ್ನೊಂದು ಭಾಗಾಕಾರ ಅಷ್ಟೇ ಆಗಿತ್ತು.

ಒಂದು ಎಚ್ಚರಿಕೆ. ಫಿಸಿಕಲ್ ಸೈನ್ಸ್ ಅನ್ನೋ ಹೆಸರಲ್ಲಿ ಎರಡು ಥರದ ಕೋರ್ಸ್ ಇರುತ್ತವೆ. ಒಂದರಲ್ಲಿ ಲೆಕ್ಕ, ಅಳತೆ ಎರಡೂ ಇರುತ್ತದೆ. ಇನ್ನೊಂದು ಕೆಳಗಿನ ತರಗತಿಯಲ್ಲಿ ಓದಿದ್ದನ್ನೇ ಬಣ್ಣದ ಚಿತ್ರದ ಜೊತೆ ಮತ್ತೆ ಹೇಳುತ್ತದೆ. ಪರಿವಿಡಿ ನೋಡಿದರೆ ವ್ಯತ್ಯಾಸ ಕಾಣಲ್ಲ. ಅಧ್ಯಾಯದ ಕೊನೆಯ ಪ್ರಶ್ನೆಗಳನ್ನು ನೋಡಿ. ಎಲ್ಲ ಪ್ರಶ್ನೆಯೂ 'ಎಂದರೇನು' ಅಂತ ಇದ್ದರೆ ಆ ಕೋರ್ಸ್ ಬೇಡ.

ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುವ ಮೇಷ್ಟ್ರು

ಮೇಲೆ ಹೇಳಿದ್ದು ಪೂರ್ತಿ ನಿಜ. ಆದರೆ ಫಿಸಿಕ್ಸ್ ಮೊದಲು ಅನ್ನೋ ದಾರಿಯನ್ನು ಸುಮ್ನೆ ಬಿಟ್ಟುಬಿಡಬೇಡಿ. 1988ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಲಿಯಾನ್ ಲೆಡರ್‌ಮನ್ ಇದಕ್ಕಾಗಿ ವರ್ಷಗಟ್ಟಲೆ ವಾದಿಸಿದವರು. ಅವರ ತರ್ಕ ಸರಳ. ಜೀವಕೋಶ ಅರ್ಥವಾಗಲು ಅಣುಗಳು ಗೊತ್ತಿರಬೇಕು. ಅಣುಗಳು ಯಾಕೆ ಕೂಡಿಕೊಳ್ಳುತ್ತವೆ ಅಂತ ತಿಳಿಯಲು ವಿದ್ಯುತ್ ಬಲ, ಶಕ್ತಿ ಗೊತ್ತಿರಬೇಕು. ಹಾಗಾಗಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಈ ಕ್ರಮ. ನನಗೂ ಇದೇ ಸರಿ ಅನ್ನಿಸುತ್ತದೆ, ಮಗುವಿಗೆ ಬೀಜಗಣಿತ ಕೈಗೆ ಬಂದಿದ್ದರೆ ಮಾತ್ರ.

ಬಂದಿದೆಯಾ ಅಂತ ನೋಡಲು ನಾನು ನಾಲ್ಕು ಪ್ರಶ್ನೆ ಕೊಡುತ್ತೇನೆ. ನಿಮ್ಮ ಮಗಳಿಗೂ ಕೊಟ್ಟು ನೋಡಿ. ಒಂದು, ವೇಗ = ದೂರ ÷ ಕಾಲ. ಇದರಿಂದ ಕಾಲದ ಸೂತ್ರ ಬರೆ. ಎರಡು, ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಎಷ್ಟು ಮೀಟರ್? ಮೂರು, ಬೆಳಕು ಸೆಕೆಂಡಿಗೆ 3 × 10⁸ ಮೀಟರ್ ಹೋಗುತ್ತದೆ, 500 ಸೆಕೆಂಡಿನಲ್ಲಿ ಎಷ್ಟು ದೂರ? ನಾಲ್ಕು, ದೂರ ಮತ್ತು ಕಾಲದ ಒಂದು ಗ್ರಾಫ್ ಬರೆದು ಕೊಡಿ, ಗೆರೆ ಎಲ್ಲಿ ಜಾಸ್ತಿ ಕಡಿದಾಗಿದೆಯೋ ಅಲ್ಲಿ ಏನಾಗುತ್ತಿದೆ ಅಂತ ಕೇಳಿ.

ಎರಡನೆಯದಕ್ಕೆ 20. ಮೂರನೆಯದಕ್ಕೆ 1.5 × 10¹¹ ಮೀಟರ್ ಬರುತ್ತದೆ. ಅದು ಸುಮಾರಾಗಿ ಭೂಮಿಯಿಂದ ಸೂರ್ಯನಿಗಿರುವ ದೂರ. ಉತ್ತರ ಬಂದ ಮೇಲೆ ಇದನ್ನು ಹೇಳಿ, ಮಕ್ಕಳ ಮುಖ ಅರಳುತ್ತದೆ. ಮೂರು ಪ್ರಶ್ನೆ ಸರಿಯಾದರೆ ಧೈರ್ಯವಾಗಿ ಫಿಸಿಕ್ಸ್ ತಗೊಳ್ಳಲಿ. ಒಂದೋ ಎರಡೋ ಆದರೆ ಫಿಸಿಕಲ್ ಸೈನ್ಸ್ ಒಳ್ಳೆಯದು. ಇದರಲ್ಲಿ ಅವಮಾನ ಏನಿಲ್ಲ.

ಫಿಸಿಕ್ಸ್ ಕೋರ್ಸಿನಲ್ಲೂ ಮೂರು ಬಗೆ ಇದೆ ಅನ್ನೋದು ತುಂಬ ಜನರಿಗೆ ಗೊತ್ತಿರಲ್ಲ. ಲೆಕ್ಕ ಕಡಿಮೆ ಇಟ್ಟು ವಿಚಾರವನ್ನೇ ಆಳವಾಗಿ ಕಲಿಸುವುದು ಒಂದು. ಬೀಜಗಣಿತ, ಸ್ವಲ್ಪ ತ್ರಿಕೋನಮಿತಿ ಬೇಕಾಗುವುದು ಇನ್ನೊಂದು. ಕ್ಯಾಲ್ಕುಲಸ್ ಇರುವುದು ಮೂರನೆಯದು. ಅಮೆರಿಕದ ಎಪಿ ಕೋರ್ಸುಗಳಲ್ಲಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದವು) ಫಿಸಿಕ್ಸ್ 1 ಬೀಜಗಣಿತದ್ದು, ಫಿಸಿಕ್ಸ್ ಸಿ ಕ್ಯಾಲ್ಕುಲಸ್‌ನದ್ದು. ಮೊದಲ ಬಗೆಯದ್ದನ್ನು ಸುಲಭ ಅಂತ ಕೀಳಾಗಿ ನೋಡಬೇಡಿ. ಸೂತ್ರಕ್ಕೆ ಸಂಖ್ಯೆ ತುಂಬಿ ಉತ್ತರ ತೆಗೆಯುವ ಎಷ್ಟೋ ಮಕ್ಕಳಿಗೆ, ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ವೇಗೋತ್ಕರ್ಷ ಎಷ್ಟು ಅಂತ ಕೇಳಿದರೆ ಸೊನ್ನೆ ಅನ್ನುತ್ತಾರೆ. ಅಲ್ಲ, ಆಗಲೂ 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ. ಆದರೆ ಮುಂದೆ ಎಂಜಿನಿಯರಿಂಗ್ ಕಡೆ ಹೋಗುವ ಮಗುವಿಗೆ ಬರೀ ವಿಚಾರದ ಕೋರ್ಸ್ ಸಾಲಲ್ಲ.

ಈಗ ಕಾಲೇಜಿನಲ್ಲಿರುವ ವಿದ್ಯಾರ್ಥಿನಿ

ಆಂಟಿ, ನಾನು ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸಾದ ಕೇಂಬ್ರಿಡ್ಜ್ ಐಜಿಸಿಎಸ್‌ಇ ಓದಿದವಳು, ಅದಕ್ಕೇ ಹೇಳ್ತಿದ್ದೀನಿ. ಅಲ್ಲಿ ಕಂಬೈನ್ಡ್ ಸೈನ್ಸ್ ತಗೊಂಡರೆ ಮೂರೂ ವಿಜ್ಞಾನ ಸೇರಿ ಒಂದು ವಿಷಯ ಅಂತ ಲೆಕ್ಕ. ಕೋ-ಆರ್ಡಿನೇಟೆಡ್ ತಗೊಂಡರೆ ಎರಡು ವಿಷಯಕ್ಕೆ ಸಮ. ಬೇರೆ ಬೇರೆ ತಗೊಂಡರೆ ಮೂರು. ನಾನು ಕಂಬೈನ್ಡ್ ತಗೊಂಡೆ. ಆಮೇಲೆ ಐಬಿಯಲ್ಲಿ (ಅದರ ನಂತರದ ಎರಡು ವರ್ಷದ ಅಂತರರಾಷ್ಟ್ರೀಯ ಡಿಪ್ಲೊಮಾ, ನಮ್ಮ ಪಿಯುಸಿ ಥರ) ಫಿಸಿಕ್ಸ್ ಹೈಯರ್ ಲೆವೆಲ್ ಬೇಕು ಅನ್ನಿಸಿತು. ಅದು 240 ಗಂಟೆಯ ಕೋರ್ಸ್, ಸ್ಟ್ಯಾಂಡರ್ಡ್ ಲೆವೆಲ್ 150 ಗಂಟೆ. ಸೇರಿಕೊಂಡೆ, ಆದರೆ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪಾಠ ನನಗೆ ಮಾತ್ರ ಹೊಸದು. ರಜೆಯೆಲ್ಲ ಅದಕ್ಕೇ ಹೋಯಿತು. ಕೋರ್ಸ್ ಆರಿಸುವಾಗ ಮುಂದಿನ ಕೋರ್ಸಿನವರು ಏನು ಬಂದಿರಬೇಕು ಅಂತ ಕೇಳುತ್ತಾರೆ ಅನ್ನೋದನ್ನ ನನಗೆ ಯಾರೂ ಹೇಳಿರಲಿಲ್ಲ. ನೀವು ಈಗಲೇ ಓದಿಟ್ಟುಕೊಳ್ಳಿ.

ಮನೆಯಲ್ಲೇ ಮಗನಿಗೆ ಕಲಿಸಿದ ತಂದೆ

ಕೋರ್ಸಿನ ಹೆಸರಿಗಿಂತ ಲ್ಯಾಬ್ ಮುಖ್ಯ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ನಾವು ತಗೊಂಡ ಕೋರ್ಸಿನಲ್ಲಿ ಪ್ರಯೋಗ ಅಂದರೆ ವಿಡಿಯೋ ನೋಡೋದು. ಮಗ ಮೂವತ್ತು ಪ್ರಯೋಗ ನೋಡಿದ್ದ, ಒಂದನ್ನೂ ಮಾಡಿರಲಿಲ್ಲ.

ಆಮೇಲೆ ನಾವೇ ಶುರುಮಾಡಿದೆವು. ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ದ್ರವ್ಯರಾಶಿ ಬದಲಾಗಲ್ಲ ಅಂತ ಪುಸ್ತಕ ಹೇಳುತ್ತದೆ. ಮಗ ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್, ಅಡುಗೆ ಸೋಡಾ ಬೆರೆಯದ ಹಾಗೆ ಇಟ್ಟು, ಬಾಯಿ ಭದ್ರವಾಗಿ ಮುಚ್ಚಿ ತೂಗಿದ. ಬೆರೆಸಿದ, ಚೀಲ ಉಬ್ಬಿತು, ಮತ್ತೆ ತೂಗಿದ. ತೂಕ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ಇಳಿದಿತ್ತು! ಸೋರಿದೆ ಅಂದುಕೊಂಡು ಮೂರು ಸಲ ಮಾಡಿದ. ಪ್ರತಿ ಸಲವೂ ಹಾಗೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಉಬ್ಬಿದ ಚೀಲ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಅರ್ಧ ಲೀಟರ್ ಉಬ್ಬಿದರೆ ಗಾಳಿ ಅದನ್ನು 0.6 ಗ್ರಾಂನಷ್ಟು ಮೇಲಕ್ಕೆ ಎತ್ತುತ್ತದೆ. ನೀರಲ್ಲಿ ವಸ್ತು ಹಗುರವಾಗುತ್ತದಲ್ವಾ, ಹಾಗೆ. ಉಬ್ಬದ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದೇ ಗ್ರಾಂ ಸೋಡಾ ಹಾಕಿ ಮತ್ತೆ ಮಾಡಿದ. ತೂಕ ಅಲ್ಲಾಡಲಿಲ್ಲ. (ಗಾಜಿನ ಬಾಟಲಿ ಬೇಡವೇ ಬೇಡ, ಸೋಡಾ ಜಾಸ್ತಿಯೂ ಬೇಡ. ಒಳಗೆ ಒತ್ತಡ ಏರುತ್ತದೆ.) ಕೆಮಿಸ್ಟ್ರಿ ಪ್ರಯೋಗ ಅಂತ ಶುರುವಾಗಿದ್ದು ಫಿಸಿಕ್ಸ್ ಆಗಿ ಮುಗಿಯಿತು. ಎರಡನ್ನೂ ಸೇರಿಸಿದ ಕೋರ್ಸಿನ ಬೆಲೆ ನನಗೆ ತಿಳಿದಿದ್ದು ಆ ದಿನ.

ಇನ್ನೂ ಸುಲಭದ್ದು ಬೇಕಾದರೆ ಲೋಲಕ. ದಾರಕ್ಕೆ ಭಾರ ಕಟ್ಟಿ ತೂಗಿಬಿಡಿ. 25 ಸೆಂಟಿಮೀಟರ್ ಉದ್ದವಿದ್ದರೆ ಹೋಗಿ ಬರಲು ಸುಮಾರು ಒಂದು ಸೆಕೆಂಡ್, ಒಂದು ಮೀಟರ್ ಇದ್ದರೆ ಎರಡು. 50 ಸೆಂಟಿಮೀಟರ್‌ಗೆ ಎಷ್ಟು ಅಂತ ಮೊದಲು ಊಹಿಸಿ ಬರೆಯಲಿ, ಆಮೇಲೆ ಅಳೆಯಲಿ. ಸುಮಾರು 1.4 ಬರುತ್ತದೆ. ನೀವು ಮುಂಚೆ ಹೇಳಿಬಿಡಬೇಡಿ.

ಸರ್ಕ್ಯೂಟಿಗೆ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ ಅನ್ನೋ, ಕಂಪ್ಯೂಟರಿನಲ್ಲೇ ಪ್ರಯೋಗ ಮಾಡುವ ಸಿಮ್ಯುಲೇಷನ್‌ಗಳು ಉಚಿತವಾಗಿ ಸಿಗುತ್ತವೆ. ತುಂಬ ಚೆನ್ನಾಗಿವೆ. ಆದರೆ ಅದರಲ್ಲಿ ತಂತಿ ಸಡಿಲವಾಗಲ್ಲ, ಬ್ಯಾಟರಿ ಕೈಕೊಡಲ್ಲ. ನಿಜವಾದ ಬಲ್ಬು, ತಂತಿ ಒಮ್ಮೆಯಾದರೂ ಕೈಗೆ ಬರಲಿ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರೇ, ನಾಲ್ಕು ಪ್ರಶ್ನೆ ಕೊಟ್ಟೆ. ಮೊದಲನೆಯದು, ಗ್ರಾಫಿನದು ಸರಿ. 72 ಕಿಲೋಮೀಟರ್‌ನಲ್ಲಿ 3600ರಿಂದ ಗುಣಿಸಿಬಿಟ್ಟಳು, 10ರ ಘಾತದಲ್ಲಿ ಸಿಕ್ಕಿಕೊಂಡಳು. ಫಿಸಿಕಲ್ ಸೈನ್ಸೇ ಸರಿ ಅಲ್ವಾ?

ಮೇಷ್ಟ್ರು

ಹೌದು, ಅದೇ ತಗೊಳ್ಳಿ. ಗ್ರಾಫ್ ಓದಲು ಬರುತ್ತದೆ ಅಂದರೆ ಯೋಚನೆ ಸರಿ ಇದೆ, ಅಭ್ಯಾಸ ಮಾತ್ರ ಬಾಕಿ. ಅಳತೆಗಳನ್ನು ಬದಲಿಸುವ ಲೆಕ್ಕ ದಿನಕ್ಕೆ ಎರಡು ಮಾಡಲಿ, ಜಾಸ್ತಿ ಬೇಡ. ಅದರ ಮುಂದಿನ ವರ್ಷ ಬೀಜಗಣಿತದ ಫಿಸಿಕ್ಸ್ ಅಥವಾ ಕೆಮಿಸ್ಟ್ರಿ, ಯಾವುದಕ್ಕಾದರೂ ಹೋಗಬಹುದು. ನೀವು ಭಯಪಟ್ಟ ಹಾಗೆ ಯಾವ ಬಾಗಿಲೂ ಮುಚ್ಚಲ್ಲ.

ಕೇಳಿದವರು

ಸರಿ ಸರ್, ಅದನ್ನೇ ಆರಿಸಿದೆವು. ನಿನ್ನೆ ಸಂಜೆ ಲೋಲಕ ಕಟ್ಟಿದಳು. 25 ಸೆಂಟಿಮೀಟರ್‌ಗೆ ಇಪ್ಪತ್ತು ಸಲ ತೂಗಿಸಿ ಇಪ್ಪತ್ತರಿಂದ ಭಾಗಿಸಬೇಕು ಅನ್ನೋದು ಅವಳಿಗೇ ಹೊಳೆಯಿತು. ಒಂದು ಸೆಕೆಂಡಿಗೆ ತೀರಾ ಹತ್ತಿರ ಬಂತು. ಇವತ್ತು 50 ಸೆಂಟಿಮೀಟರ್. ದಾರ ಎರಡರಷ್ಟಾಯಿತು, ಹಾಗಾಗಿ ಎರಡು ಸೆಕೆಂಡ್ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾಳೆ. ನಾನು ಏನೂ ಹೇಳಿಲ್ಲ.