ಶಾಲೆಯ ದೇಣಿಗೆ ಕಾರ್ಡು: ಮಕ್ಕಳ ಹೆಸರನ್ನೂ ತಂದ ಮೊತ್ತವನ್ನೂ ಪ್ರಕಟಿಸುವುದು ಸರಿಯೇ?

ಪ್ರಶ್ನೆ (ಪೋಷಕಿ, ಮೈಸೂರು)

ನನ್ನ ಮಗಳು ಮೈಸೂರಿನ ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಆರನೇ ತರಗತಿಯಲ್ಲಿ ಓದುತ್ತಿದ್ದಾಳೆ. ನಾವು ಕ್ರೈಸ್ತರಲ್ಲ, ಆದರೆ ಪಾಠದ ಜೊತೆಗೆ ಪರರ ಕಷ್ಟಕ್ಕೆ ಮರುಗುವುದನ್ನೂ ಅಲ್ಲಿ ಕಲಿಸುತ್ತಾರೆಂಬ ನಂಬಿಕೆಯಿಂದ ಆ ಶಾಲೆಗೆ ಸೇರಿಸಿದೆವು, ಆ ನಂಬಿಕೆ ಇಂದಿಗೂ ಇದೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ವೃದ್ಧಾಶ್ರಮಕ್ಕೂ ಬಡರೋಗಿಗಳ ಚಿಕಿತ್ಸೆಗೂ ನೆರವಾಗಲೆಂದು ಮಕ್ಕಳ ಕೈಗೆ ದೇಣಿಗೆ ಕಾರ್ಡು ಕೊಡುತ್ತಾರೆ. ಈ ವರ್ಷ ಹೆಚ್ಚು ಹಣ ತಂದವರ ಹೆಸರನ್ನು ಮೊತ್ತದೊಡನೆ ತರಗತಿಯ ಬೋರ್ಡಿನ ಮೇಲೆ ಬರೆದು, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಅವರಿಗೆ ಚಪ್ಪಾಳೆ ತಟ್ಟಿಸಿದ್ದಾರೆ. ಅಂಗಡಿ ವ್ಯವಹಾರವಿರುವ ಮನೆಯ ಮಕ್ಕಳ ಕಾರ್ಡು ಒಂದೇ ಸಂಜೆಯಲ್ಲಿ ತುಂಬುತ್ತದೆ. ಮಗಳ ಪಕ್ಕದಲ್ಲಿ ಕೂರುವ ಹುಡುಗಿ ಖಾಲಿ ಕಾರ್ಡು ಹಿಂದಿರುಗಿಸಲು ಹೆದರಿ ಶಾಲೆಗೇ ಬರಲಿಲ್ಲ. ಉದ್ದೇಶಕ್ಕೆ ಅಡ್ಡಿಯಾಗದಂತೆ, ಶಾಲೆಯ ಹೊಣೆ ಹೊತ್ತ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಅವರ ಮನಸ್ಸಿಗೂ ನೋವಾಗದಂತೆ ಇದನ್ನು ಹೇಗೆ ಹೇಳಬೇಕು?

ಉತ್ತರ 1 (ನಿವೃತ್ತ ಶಿಕ್ಷಕಿ, ಮೈಸೂರು)

ನಾನು ಕ್ಯಾಥೊಲಿಕ್ ಶಾಲೆಯಲ್ಲಿಯೇ ಓದಿ, ಅಂಥ ಶಾಲೆಗಳಲ್ಲಿಯೇ ಪಾಠ ಹೇಳಿದವಳು. ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅದನ್ನು ಹೊರಗಿನವರ ದೂರಿನಂತೆ ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ಶಾಲೆಯ ಕ್ರೈಸ್ತ ವಿಶ್ವಾಸವೇ ನಿಮ್ಮ ಪರವಾಗಿದೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳನ್ನು ನಾವು ತಪಸ್ಸುಕಾಲವೆನ್ನುತ್ತೇವೆ. ಪ್ರಾರ್ಥನೆ, ಉಪವಾಸ, ದಾನಧರ್ಮ ಈ ಮೂರೂ ಆ ದಿನಗಳ ಸಾಧನೆ. ಅದು ಆರಂಭವಾಗುವ ವಿಭೂತಿ ಬುಧವಾರದ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಪ್ರತಿ ವರ್ಷವೂ ಓದುವ ಶುಭಸಂದೇಶ ಬೈಬಲಿನ ಮತ್ತಾಯನ ಗ್ರಂಥದ ಆರನೇ ಅಧ್ಯಾಯದ್ದು. ದಾನ ಮಾಡುವಾಗ ತುತ್ತೂರಿ ಊದಿಸಬಾರದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳುವುದು ಅಲ್ಲಿಯೇ. ಹಣೆಗೆ ವಿಭೂತಿ ಹಚ್ಚಿಸಿಕೊಂಡ ದಿನ ಈ ಮಾತನ್ನು ಕೇಳಿಸಿಕೊಂಡು, ಅನಂತರ ಮಕ್ಕಳ ಮೊತ್ತವನ್ನು ಬೋರ್ಡಿನ ಮೇಲೆ ಬರೆಯುವುದು ಎಷ್ಟುಮಾತ್ರಕ್ಕೂ ಹೊಂದುವುದಿಲ್ಲ. ಸಿಸ್ಟರ್ ಅವರನ್ನು ಒಬ್ಬರೇ ಕಂಡು, ಆ ಅಧ್ಯಾಯವನ್ನೇ ನೆನಪಿಸಿ ಮಾತನಾಡಿ. ಅವರಿಗೆ ಅದನ್ನು ವಿವರಿಸಬೇಕಾಗಿ ಬರುವುದಿಲ್ಲ.

ಕಾರ್ಡಿನ ಬದಲು ಪ್ರತಿ ಮಗುವಿಗೂ ಹೆಸರು ಬರೆಯದ ಒಂದು ಲಕೋಟೆ ಕೊಡಬಹುದು. ಎಲ್ಲ ಮಕ್ಕಳೂ ಒಂದೇ ದಿನ ಲಕೋಟೆಯನ್ನು ಡಬ್ಬಿಗೆ ಹಾಕಿದರೆ, ಒಳಗೆ ಐದು ರೂಪಾಯಿ ಇದೆಯೋ, ಐನೂರು ಇದೆಯೋ, ಏನೂ ಇಲ್ಲವೋ ಎಂಬುದು ಯಾರಿಗೂ ತಿಳಿಯುವುದಿಲ್ಲ. ಆ ಹಣವು ಮಗು ಬಿಟ್ಟುಕೊಟ್ಟ ಚಾಕಲೇಟಿನದೋ ಐಸ್‌ಕ್ರೀಮಿನದೋ ಆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಉಪವಾಸವನ್ನೂ ದಾನವನ್ನೂ ಕ್ರೈಸ್ತ ಧರ್ಮಸಭೆಯು ಒಟ್ಟಿಗೆ ಇಟ್ಟಿರುವುದು ಆ ಕಾರಣಕ್ಕೇ. ಅಪ್ಪನ ಜೇಬಿನಿಂದ ಬಂದ ಸಾವಿರ ರೂಪಾಯಿಯಲ್ಲಿ ಮಗುವಿನದು ಏನೂ ಇರುವುದಿಲ್ಲ.

ಉತ್ತರ 2 (ಪೋಷಕ, ಮಂಡ್ಯ)

ಹಿಂದಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಕ್ಕಳು ಕೇಳಿ ಸಂಗ್ರಹಿಸುವುದನ್ನೇ ನಿಲ್ಲಿಸಬಾರದು. ಯಾರಿಗಾಗಿ, ಏಕೆ ಎಂದು ವಿವರಿಸುವುದೂ, ಇಲ್ಲವೆಂದವರಿಗೆ ನಮಸ್ಕರಿಸಿ ಹೊರಡುವುದೂ ಒಂದು ಶಿಕ್ಷಣ. ದೊಡ್ಡ ತರಗತಿಯವರು ಗುಂಪಾಗಿ, ಶಿಕ್ಷಕರೊಡನೆ ಹೋಗಲಿ. ಬಂದದ್ದು ಇಡೀ ತರಗತಿಯ ಲೆಕ್ಕಕ್ಕೆ ಸೇರಲಿ.

ಹಣಕ್ಕಿಂತ ನನಗೆ ಮುಖ್ಯವೆನಿಸುವುದು ಸೇವೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಬಡವರ ಸೇವೆಗೆಂದು ಸಂತ ವಿನ್ಸೆಂಟ್ ದೆ ಪೌಲ್ ಸಂಘವನ್ನು ಗೆಳೆಯರೊಡನೆ ಆರಂಭಿಸಿದಾಗ ಫ್ರೆಡೆರಿಕ್ ಒಜಾನಾಂ ಇಪ್ಪತ್ತು ವರ್ಷದ ವಿದ್ಯಾರ್ಥಿ. ಬಡವರ ಮನೆಗೇ ಹೋಗಿ, ಕುಳಿತು ಮಾತನಾಡಿ, ಬೇಕಾದದ್ದನ್ನು ತಿಳಿದು ನೆರವಾಗುವುದು ಅವರ ಕ್ರಮವಾಗಿತ್ತು. ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ, ಬಾಳೆಹಣ್ಣು, ಬಿಸ್ಕತ್ತು ಹಂಚಿ, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಒಂದೇ ವಾರ ಮೂರು ಶಾಲೆಗಳು ಬಂದರೆ ಅಷ್ಟು ಹಣ್ಣನ್ನು ಸಕ್ಕರೆ ಕಾಯಿಲೆಯ ಹಿರಿಯರು ಏನು ಮಾಡಬೇಕು? ಮೊದಲೇ ಫೋನ್ ಮಾಡಿ ಕೇಳಿದರೆ ಸೋಪು, ಬೆಡ್‌ಶೀಟು, ದೊಡ್ಡವರ ಡೈಪರ್ ಬೇಕೆಂದು ಹೇಳುತ್ತಾರೆ. ಕಣ್ಣು ಮಂಜಾದವರಿಗೆ ದಿನಪತ್ರಿಕೆ ಓದಿ ಹೇಳುವುದಕ್ಕೆ ಹಣವೇ ಬೇಕಿಲ್ಲ. ತಪಸ್ಸುಕಾಲ ನಮ್ಮಲ್ಲಿ ವಾರ್ಷಿಕ ಪರೀಕ್ಷೆಯ ಹೊತ್ತಿಗೇ ಬರುವುದರಿಂದ, ಇಂಥ ಭೇಟಿಗಳನ್ನು ಜೂನ್‌ನಿಂದಲೇ ತಿಂಗಳಿಗೊಮ್ಮೆ ಇಟ್ಟುಕೊಳ್ಳುವುದು ಲೇಸು.

ಉತ್ತರ 3 (ಲೆಕ್ಕಪತ್ರ ನೋಡುವವನು, ಮೈಸೂರು)

ಮಗುವಿನ ಹೆಸರು ಗುಟ್ಟಾಗಿರಲಿ, ಲೆಕ್ಕ ಮಾತ್ರ ಗುಟ್ಟಾಗಬಾರದು. ಡಬ್ಬಿಯನ್ನು ಇಬ್ಬರು ಶಿಕ್ಷಕರು ಮತ್ತು ಒಬ್ಬ ಪೋಷಕರ ಎದುರಿನಲ್ಲಿ ತೆರೆದು, ಎಣಿಸಿ, ಮೂವರೂ ಸಹಿ ಮಾಡಿ, ಹಣವನ್ನು ಬ್ಯಾಂಕಿಗೆ ಕಟ್ಟಬೇಕು. ಒಟ್ಟು ಬಂದದ್ದೆಷ್ಟು, ಯಾವ ಸಂಸ್ಥೆಗೆ ಎಷ್ಟು ಹೋಯಿತು ಎಂಬುದನ್ನು ಆ ಸಂಸ್ಥೆಯ ರಸೀದಿಯೊಡನೆ ನೋಟಿಸ್ ಬೋರ್ಡಿಗೆ ಹಾಕಿದರೆ, ಯಾವ ಪೋಷಕರಿಗೂ ಸಂಶಯ ಉಳಿಯುವುದಿಲ್ಲ. ದೊಡ್ಡ ಮೊತ್ತ ಕೊಡುವವರು ತೆರಿಗೆ ರಿಯಾಯಿತಿ ಬಯಸಿದರೆ ಮಗುವಿನ ಮೂಲಕ ಕಳುಹಿಸದೆ, ಆದಾಯ ತೆರಿಗೆ ಇಲಾಖೆಯ ಮಾನ್ಯತೆ (80ಜಿ ಎಂದೇ ಪರಿಚಿತವಾದದ್ದು) ಉಳ್ಳ ಸಂಸ್ಥೆಗೆ ನೇರವಾಗಿ ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಲಿ. 2000 ರೂಪಾಯಿ ಮೀರಿದ ನಗದು ದಾನಕ್ಕಾಗಲಿ, ಅಕ್ಕಿ, ಬಟ್ಟೆಯಂಥ ವಸ್ತುಗಳಿಗಾಗಲಿ ಆ ರಿಯಾಯಿತಿ ಇಲ್ಲ. ಹೀಗಾದರೆ ದೊಡ್ಡ ಮೊತ್ತಗಳು ತರಗತಿಯೊಳಗೆ ಬಾರದೆ, ಹೋಲಿಕೆಯೂ ತಾನಾಗಿ ತಗ್ಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಸೋಮವಾರ ಸಿಸ್ಟರ್ ಅವರ ಭೇಟಿಗೆ ಸಮಯ ಕೇಳಿದ್ದೇನೆ. ಲಕೋಟೆಯ ಕ್ರಮವನ್ನು ಮುಂದಿನ ವರ್ಷಕ್ಕೆ ಕೇಳಿಕೊಳ್ಳುತ್ತೇನೆ. ಬೋರ್ಡಿನ ಮೇಲಿರುವ ಹೆಸರುಗಳನ್ನು ಮಾತ್ರ ಈ ವಾರವೇ ಅಳಿಸಬೇಕೆಂದು ವಿನಂತಿಸುತ್ತೇನೆ. ಆ ಹುಡುಗಿಯ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕೇ?

ಉತ್ತರ 1 (ನಿವೃತ್ತ ಶಿಕ್ಷಕಿ)

ಬೇಡ. ಆ ಮಗುವಿನ ಹೆಸರನ್ನೂ ಹೇಳಬೇಡಿ. ನಿಮ್ಮ ಮಗಳ ತರಗತಿಯ ವಿಷಯವಾಗಿ ನೀವೇ ಮಾತನಾಡಿದರೆ ಸಾಕು.