ಎರಡು ಸರ್ವರ್‌ಗಳಾದ ಮೇಲೆ ಸೆಷನ್ ಎಲ್ಲಿಡಬೇಕು?

ಪ್ರಶ್ನೆ: ಪಿಎಚ್‌ಪಿಯಲ್ಲಿ ಬರೆದ ನಮ್ಮ ತಾಣ ಈವರೆಗೆ ಒಂದೇ ಸರ್ವರ್‌ನಲ್ಲಿತ್ತು. ಲೋಡ್ ಬ್ಯಾಲೆನ್ಸರ್ (ಬರುವ ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳ ನಡುವೆ ಹಂಚುವ ವ್ಯವಸ್ಥೆ) ಹಾಕಿ ಎರಡನೆಯದನ್ನು ಸೇರಿಸಿದ ದಿನದಿಂದ ಬಳಕೆದಾರರು ನಡುನಡುವೆ ಲಾಗ್‌ಔಟ್ ಆಗುತ್ತಿದ್ದಾರೆ. ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆಂದು ಸರ್ವರ್ ಇಟ್ಟುಕೊಳ್ಳುವ ದಾಖಲೆ) ಎರಡೂ ಸರ್ವರ್‌ಗಳು ನೋಡಬಲ್ಲ ರೆಡಿಸ್‌ಗೆ (ಮೆಮೊರಿಯಲ್ಲಿ ಮಾಹಿತಿ ಇಡುವ ಡೇಟಾಬೇಸ್) ಸಾಗಿಸಬೇಕೋ, ಜೆಡಬ್ಲ್ಯುಟಿಗೆ (ಸರ್ವರ್ ಸಹಿಹಾಕಿ ಬಳಕೆದಾರರ ಬಳಿಯೇ ಇಡುವ ಲಾಗಿನ್ ಟೋಕನ್) ಬದಲಾಗಬೇಕೋ? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಜೆಡಬ್ಲ್ಯುಟಿ ಖಂಡಿತ ಬೇಡ. ಸೆಷನ್ ತೆಗೆದು ಟೋಕನ್ ಅಳವಡಿಸಲು ನನಗೆ ಮೂರು ವಾರ ಹಿಡಿಯಿತು. ಆಮೇಲೆ ಬಳಕೆದಾರರೊಬ್ಬರ ಲ್ಯಾಪ್‌ಟಾಪ್ ಕಳುವಾಯಿತು. 30 ದಿನಗಳ ಆ ಟೋಕನ್‌ಗೆ ಇನ್ನೂ 26 ದಿನಗಳ ಆಯುಸ್ಸಿತ್ತು. ಅದೊಂದನ್ನೇ ರದ್ದುಮಾಡುವ ದಾರಿ ಇರಲಿಲ್ಲವಾದ್ದರಿಂದ ಸಹಿಯ ಕೀಲಿಯನ್ನೇ ಬದಲಿಸಿದೆ, ಎಲ್ಲರೂ ಒಮ್ಮೆಲೇ ಹೊರಬಿದ್ದರು. ಕೊನೆಗೆ ರದ್ದಾದ ಟೋಕನ್‌ಗಳ ಪಟ್ಟಿಯನ್ನು ಡೇಟಾಬೇಸ್‌ನಲ್ಲಿಟ್ಟು, ಪ್ರತಿ ರಿಕ್ವೆಸ್ಟ್‌ಗೂ ಅದನ್ನು ನೋಡುವಂತೆ ಮಾಡಲು ಮತ್ತೆರಡು ವಾರ ಹೋಯಿತು. ಡೇಟಾಬೇಸ್ ನೋಡುವುದನ್ನು ತಪ್ಪಿಸಲೆಂದೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಉತ್ತರ 2: 30 ದಿನಗಳ ಆಯುಸ್ಸು ಕೊಟ್ಟವರು ನೀವು; ದೋಷವನ್ನು ಟೋಕನ್ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮಲ್ಲಿ ಪ್ರತಿ ರಿಕ್ವೆಸ್ಟ್ ಜೊತೆ ಹೋಗುವ ಆಕ್ಸೆಸ್ ಟೋಕನ್ 10 ನಿಮಿಷಕ್ಕೆ ಮುಗಿಯುತ್ತದೆ, ಹೊಸದನ್ನು ಪಡೆಯಲು ಒಮ್ಮೆ ಮಾತ್ರ ಬಳಸುವ ರಿಫ್ರೆಶ್ ಟೋಕನ್ ಡೇಟಾಬೇಸ್‌ನಲ್ಲಿರುತ್ತದೆ. ಎರಡು ಟ್ಯಾಬ್‌ಗಳು ಏಕಕಾಲಕ್ಕೆ ಒಂದೇ ರಿಫ್ರೆಶ್ ಟೋಕನ್ ಕಳುಹಿಸಿದಾಗ, ಎರಡನೆಯದನ್ನು ಕಳ್ಳತನವೆಂದು ಬಗೆದು ನಮ್ಮ ಸರ್ವರ್ ಬಳಕೆದಾರರನ್ನು ಹೊರಹಾಕುತ್ತಿತ್ತು. ಇದನ್ನು ಪತ್ತೆಹಚ್ಚಲು ಒಂಬತ್ತು ದಿನ ಬೇಕಾಯಿತು ಎಂಬುದನ್ನು ಒಪ್ಪುತ್ತೇನೆ. ಆದರೂ ನಾಲ್ಕು ವರ್ಷಗಳಿಂದ ಈ ವ್ಯವಸ್ಥೆ ಗಟ್ಟಿಯಾಗಿ ನಿಂತಿದೆ.

ಉತ್ತರ 1: ಡೇಟಾಬೇಸ್‌ನಲ್ಲಿದ್ದು, ಬೇಕೆಂದಾಗ ಅಳಿಸಬಹುದಾದ ಆ ರಿಫ್ರೆಶ್ ಟೋಕನ್ ಸೆಷನ್ ಅಲ್ಲದೆ ಮತ್ತೇನು? ಹೆಸರು ಬದಲಿಸಿದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲ.

ಉತ್ತರ 2: ಪ್ರತಿ ರಿಕ್ವೆಸ್ಟ್‌ಗೆ ನೋಡುವುದಕ್ಕೂ 10 ನಿಮಿಷಕ್ಕೊಮ್ಮೆ ನೋಡುವುದಕ್ಕೂ ವ್ಯತ್ಯಾಸವಿಲ್ಲವೇ? ಐದು ವಾರ ಕಳೆದುಕೊಂಡ ನೋವು ಅರ್ಥವಾಗುತ್ತದೆ, ಆದರೆ ವಾದ ಅದರಿಂದ ಸರಿಯಾಗುವುದಿಲ್ಲ.

ಉತ್ತರ 3: ನಾವು ರೆಡಿಸ್‌ಗೆ ಹೋದೆವು. ಪಿಎಚ್‌ಪಿಯ ಫೈಲ್ ಸೆಷನ್, ಒಂದು ರಿಕ್ವೆಸ್ಟ್ ಅದನ್ನು ಮುಚ್ಚುವವರೆಗೆ ಲಾಕ್ ಆಗಿರುತ್ತದೆ, ಅಂದರೆ ಅದೇ ಸೆಷನ್‌ನ ಇನ್ನೊಂದು ರಿಕ್ವೆಸ್ಟ್ ಕಾಯಬೇಕು. ಪಿಎಚ್‌ಪಿಯನ್ನು ರೆಡಿಸ್‌ಗೆ ಜೋಡಿಸುವ ಪಿಎಚ್‌ಪಿರೆಡಿಸ್‌ನಲ್ಲಿ ಆ ಲಾಕಿಂಗ್ ಅನ್ನು ನಾವೇ ಆನ್ ಮಾಡಬೇಕು. ಅದು ತಿಳಿಯದೆ ಐದು ರಾತ್ರಿ ನಿದ್ದೆಗೆಟ್ಟೆವು, ಏಕೆಂದರೆ ಒಂದು ರಿಕ್ವೆಸ್ಟ್ ಬರೆದದ್ದರ ಮೇಲೆ ಇನ್ನೊಂದು ಹಳೆಯ ಪ್ರತಿಯನ್ನು ಬರೆದು, ಕಾರ್ಟ್‌ಗೆ ಹಾಕಿದ ವಸ್ತುಗಳು ಕಾಣೆಯಾಗುತ್ತಿದ್ದವು. ಅದು ಸರಿಹೋದ ತಿಂಗಳಲ್ಲೇ ಮೆಮೊರಿ ತುಂಬಿ, ಆಲ್‌ಕೀಸ್-ಎಲ್‌ಆರ್‌ಯು ನೀತಿಯಂತೆ (ಬಹುಕಾಲ ಬಳಸದ್ದನ್ನು ಮೊದಲು ಅಳಿಸುವ ನೀತಿ) ರೆಡಿಸ್ ಸೆಷನ್‌ಗಳನ್ನೇ ಅಳಿಸತೊಡಗಿತು.

ಉತ್ತರ 2: ಕ್ಯಾಶೆಯನ್ನೂ (ಅಳಿದರೂ ಮತ್ತೆ ತಯಾರಿಸಬಹುದಾದ ತಾತ್ಕಾಲಿಕ ಪ್ರತಿ) ಸೆಷನ್ನನ್ನೂ ಒಂದೇ ರೆಡಿಸ್‌ನಲ್ಲಿ ಇಟ್ಟಿದ್ದಿರಿ ಎಂದಾಯಿತು.

ಉತ್ತರ 3: ಹೌದು, ಇಟ್ಟಿದ್ದೆವು. ಈಗ ಸೆಷನ್‌ಗೆ ಪ್ರತ್ಯೇಕ ರೆಡಿಸ್ ಇದೆ, ಅದರಲ್ಲಿ ನೋಎವಿಕ್ಷನ್ (ಮೆಮೊರಿ ತುಂಬಿದರೂ ಇದ್ದದ್ದನ್ನು ಅಳಿಸದ ನೀತಿ) ಇದೆ, ಹನ್ನೊಂದು ತಿಂಗಳಿಂದ ಒಂದು ದೂರೂ ಬಂದಿಲ್ಲ. ಕದ್ದ ಲ್ಯಾಪ್‌ಟಾಪ್‌ನ ಸೆಷನ್ ಅಳಿಸಲು ನಾವು 10 ನಿಮಿಷವೂ ಕಾಯಬೇಕಾಗಿಲ್ಲ.